ಬಿಳಿ ಜುಟ್ಟಿನ ಪಿಕಳಾರ: ಬಣ್ಣ ತಪ್ಪಿದ ಹಿತ್ತಲ ಹಕ್ಕಿಯನ್ನು ನೋಡುವ ಬಗೆ

ನಾನು ಸಾಗರದಲ್ಲಿ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಮಷೀನ್ ಇರುವುದು ಹಿತ್ತಲ ಕಡೆಯ ಕಿಟಕಿಗೆ ಒತ್ತಿಕೊಂಡು. ಅಲ್ಲಿಂದ ಹತ್ತು ಅಡಿ ದೂರದಲ್ಲಿ ಗಸಗಸೆ ಹಣ್ಣಿನ ಮರ. ಅದರ ಕೊಂಬೆಗೆ ಒಂದು ತೆಂಗಿನ ಕರಟ ಕಟ್ಟಿ, ಬೆಳಿಗ್ಗೆ ಅದರಲ್ಲಿ ಅರ್ಧ ಬಾಳೆಹಣ್ಣು ಇಡುತ್ತೇನೆ. ಕೆಳಗೆ ಕಲ್ಲಿನ ಮೇಲೆ ಅಗಲ ಬಾಯಿಯ ಮಣ್ಣಿನ ತಟ್ಟೆಯಲ್ಲಿ ನೀರು. ಸೂರಿನಿಂದ ಭತ್ತದ ಕದಿರಿನ ಗೊಂಚಲು ಇಳಿಬಿಟ್ಟಿದ್ದೇನೆ, ಗುಬ್ಬಿಗಳಿಗೆ ಅಂತ. ಸೂಜಿಗೆ ದಾರ ಪೋಣಿಸಿ ತಲೆ ಎತ್ತಿದರೆ ಯಾವುದಾದರೂ ಒಂದು ಹಕ್ಕಿ ಕಣ್ಣಿಗೆ ಬೀಳುತ್ತದೆ.

2021ರ ನವೆಂಬರ್. ದೀಪಾವಳಿಯ ಬಟ್ಟೆಗಳನ್ನೆಲ್ಲ ಕೊಟ್ಟು ಮುಗಿಸಿ ಕೈ ಸ್ವಲ್ಪ ಖಾಲಿಯಾಗಿದ್ದ ವಾರ. ಕರಟದ ಮೇಲೆ ಒಂದು ಪಿಕಳಾರ ಬಂದು ಕೂತಿತು. ನಮ್ಮ ಕಡೆ ಜಾಸ್ತಿ ಇರುವ ಕೆಂಪು ಮೀಸೆಯ ಜಾತಿ. ಚೂಪು ಕಪ್ಪು ಜುಟ್ಟು, ಕಣ್ಣಿನ ಹಿಂದೆ ಕುಂಕುಮದ ಬೊಟ್ಟಿನಷ್ಟು ಕೆಂಪು, ಬಾಲದ ಬುಡದ ಕೆಳಗೂ ಕೆಂಪು. ಆದರೆ ಇದರ ಜುಟ್ಟಿನಲ್ಲಿ ನಾಲ್ಕು ಗರಿ ಬೆಳ್ಳಗಿದ್ದವು, ಸುಣ್ಣ ತಾಗಿದ ಹಾಗೆ.

"ಅತ್ತೇ, ಆಲ್ಬಿನೊ ಹಕ್ಕಿ ಬಂದಿದೆ, ಬೇಗ ಬನ್ನಿ" ಅಂತ ಕೂಗಿದೆ. ಅತ್ತೆ ಬಂದರು, ಕನ್ನಡಕ ಸರಿ ಮಾಡಿಕೊಂಡು ಬಗ್ಗಿ ನೋಡಿದರು. "ನೀನು ಹೇಳಿದ್ದು ಏನೋ ಗೊತ್ತಿಲ್ಲ ಕಣೇ. ನನ್ನ ಕಣ್ಣಿಗೆ ಅದಕ್ಕೆ ನರೆ ಬಂದ ಹಾಗೆ ಕಾಣುತ್ತೆ" ಅಂದರು.

ಮೂರು ವರ್ಷ ಆ ಹಕ್ಕಿಯನ್ನು ನೋಡಿದ ಮೇಲೆ ಹೇಳುತ್ತೇನೆ, ಅತ್ತೆ ಹೇಳಿದ್ದೇ ಸರಿಯಾಗಿತ್ತು. ಅದನ್ನು ತಿಳಿದುಕೊಳ್ಳಲು ನಾನು ಏನೇನು ನೋಡಿದೆ, ಯಾವ ಕ್ರಮದಲ್ಲಿ ನೋಡಿದೆ ಅನ್ನುವುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಹಿತ್ತಲಿಗೋ ಬಾಲ್ಕನಿಗೋ ಬಣ್ಣ ತಪ್ಪಿದ ಕಾಗೆ, ಗುಬ್ಬಿ, ಗೊರವಂಕ ಬಂದರೆ ಉಪಯೋಗಕ್ಕೆ ಬರುತ್ತದೆ.

ಮೊದಲು, ಅದು ನಿಜವಾಗಿ ಬಣ್ಣ ತಪ್ಪಿದ್ದೇ?

ನನ್ನ ಹತ್ತಿರ ಬಟ್ಟೆ ಹೊಲಿಸಲು ಬರುವವರಿಗೆ ನನ್ನ ಹಕ್ಕಿ ಹುಚ್ಚು ಗೊತ್ತು. ಫೋನ್ ತೆಗೆದು ಫೋಟೊ ತೋರಿಸುತ್ತಾರೆ. ಅವುಗಳಲ್ಲಿ ಜಾಸ್ತಿ ಪಾಲು ಸರಿಯಾದ ಬಣ್ಣದ ಹಕ್ಕಿಗಳೇ. ನೋಡುವವರಿಗೆ ಹೊಸದು, ಅಷ್ಟೇ.

ಗೊರವಂಕ ಹಾರಿದಾಗ ರೆಕ್ಕೆಯಲ್ಲಿ ದೊಡ್ಡ ಬಿಳಿ ಪಟ್ಟೆ ಕಾಣುತ್ತದೆ. ಕೂತಾಗ ಅದು ಮುಚ್ಚಿಹೋಗುತ್ತದೆ. ಅದು ಎಲ್ಲ ಗೊರವಂಕಕ್ಕೂ ಇರುವುದೇ. ಮಡಿವಾಳ ಹಕ್ಕಿಯ ಮಾಮೂಲಿ ಬಣ್ಣವೇ ಕಪ್ಪು ಬಿಳುಪು. "ಮೈ ತುಂಬಾ ಬಿಳಿ ಚುಕ್ಕೆ ಇರುವ ಕಂದು ಕಾಗೆ" ಅಂತ ಒಬ್ಬರು ತೋರಿಸಿದ್ದು ಹೆಣ್ಣು ಕೋಗಿಲೆ. ಕೋಗಿಲೆಯಲ್ಲಿ ಗಂಡು ಮಾತ್ರ ಕಪ್ಪು. ರಾಜಹಕ್ಕಿಯ ಗಂಡುಗಳಲ್ಲಿ ಇಟ್ಟಿಗೆ ಕೆಂಪಿನದೂ ಇದೆ, ಹಾಲು ಬಿಳುಪಿನದೂ ಇದೆ. ಎರಡೂ ಸರಿಯೇ.

ಮರಿಗಳೂ ತುಂಬಾ ಗೊಂದಲ ಮಾಡುತ್ತವೆ. ಕೆಂಪು ಮೀಸೆಯ ಪಿಕಳಾರದ ಮರಿಗೆ ಮೀಸೆಯೇ ಇರುವುದಿಲ್ಲ, ಜುಟ್ಟು ಕಂದು. ಕಾಜಾಣದ ಮರಿಗೆ ಹೊಟ್ಟೆಯ ಕಡೆ ಬಿಳಿ ಅಂಚಿನ ಗರಿಗಳಿರುತ್ತವೆ. ಗಂಡು ಗಿಳಿಯ ಕೊರಳಿಗೆ ಉಂಗುರ ಮೂಡಲು ಸುಮಾರು ಮೂರು ವರ್ಷ ಬೇಕು. ಕಡುನೇರಳೆ ಬಣ್ಣದ ಗಂಡು ಸೂರಕ್ಕಿ ಮರಿ ಮಾಡುವ ಕಾಲ ಮುಗಿದ ಮೇಲೆ ಹೆಣ್ಣಿನ ಹಾಗೆ ಹಳದಿಯಾಗಿ, ಗಂಟಲಿನಿಂದ ಹೊಟ್ಟೆಗೆ ಒಂದು ಕಪ್ಪು ಗೆರೆ ಮಾತ್ರ ಉಳಿಸಿಕೊಳ್ಳುತ್ತದೆ. ಗರಿ ಬದಲಾಯಿಸುವ ನಡುಗಾಲದಲ್ಲಿ ನೋಡಿದರೆ ಅರ್ಧ ಹಳದಿ ಅರ್ಧ ಕಪ್ಪು. ತೇಪೆ ಹಾಕಿದ ಹಾಗೆ ಕಾಣುತ್ತದೆ, ಆದರೂ ಅದು ಆರೋಗ್ಯವಾಗಿರುವ ಹಕ್ಕಿ.

ಗಂಡು ಗುಬ್ಬಿಯದು ನನಗೆ ಬಹಳ ಇಷ್ಟವಾದ ಸಂಗತಿ. ಅದರ ಗಂಟಲಿನ ಕಪ್ಪು ಒಮ್ಮೆ ಮಸುಕು, ಒಮ್ಮೆ ದಟ್ಟ. ಹೊಸದಾಗಿ ಬಂದ ಗರಿಗಳ ತುದಿ ಬೂದು ಬಣ್ಣದ್ದು, ಕಪ್ಪು ಅದರ ಅಡಿಯಲ್ಲಿ ಅಡಗಿರುತ್ತದೆ. ದಿನ ಕಳೆದ ಹಾಗೆ ತುದಿ ಸವೆದು ಕಪ್ಪು ಹೊರಗೆ ಬರುತ್ತದೆ. ಹೊಸ ಗರಿ ಬರದೆ, ಬರೀ ಸವೆತದಿಂದಲೇ ಹಕ್ಕಿ ಮದುಮಗನಾಗುತ್ತದೆ!

ಪಾರಿವಾಳವನ್ನು ಈ ಲೆಕ್ಕದಿಂದ ಬಿಟ್ಟುಬಿಡಿ. ಊರಿನ ಪಾರಿವಾಳಗಳು ಸಾಕಿದ ಪಾರಿವಾಳಗಳ ಸಂತತಿ. ಬಿಳಿ, ಇಟ್ಟಿಗೆ ಬಣ್ಣ, ಚುಕ್ಕೆ ಎಲ್ಲವೂ ಜನರೇ ಆರಿಸಿ ಬೆಳೆಸಿದ್ದು.

ಎರಡನೆಯದಾಗಿ, ಮೆತ್ತಿಕೊಂಡ ಬಣ್ಣವೋ ನೋಡಿ. ಹಾಲುವಾಣದ ಹೂವು ಬಿಟ್ಟಾಗ ಪಿಕಳಾರ, ಸೂರಕ್ಕಿಗಳ ಹಣೆಗೆ ಪರಾಗ ಮೆತ್ತಿ ಹಳದಿಯಾಗಿರುತ್ತದೆ. ಎರಡು ಸಲ ನೀರಿಗಿಳಿದರೆ ಹೋಗುತ್ತದೆ. ಹೋಳಿಯ ಬಣ್ಣ, ಗೋಡೆಯ ಪೇಂಟು, ಕೆಮ್ಮಣ್ಣು, ಯಾವುದಾದರೂ ಆಗಬಹುದು. ಹಸಿರು, ಗುಲಾಬಿ ಬಣ್ಣದ ರಾಟವಾಳ ಕಂಡರೆ ಮಾತ್ರ ಮನಸ್ಸು ಕೆಡುತ್ತದೆ. ಅದು ಯಾರೋ ಮಾರಲು ಬಣ್ಣ ಹಚ್ಚಿ, ಪಂಜರದಿಂದ ತಪ್ಪಿಸಿಕೊಂಡ ಹಕ್ಕಿ ಆಗಿರುತ್ತದೆ.

ಕಣ್ಣು ನೋಡಿ

ಇಷ್ಟೆಲ್ಲ ದಾಟಿಯೂ ಹಕ್ಕಿಯ ಬಣ್ಣ ಬೇರೆ ಅನಿಸಿದರೆ, ಗರಿಯನ್ನು ಬಿಟ್ಟು ಕಣ್ಣು ನೋಡಿ. ಇದನ್ನೇ ನಾನು ಮೊದಲ ದಿನ ಮಾಡಲಿಲ್ಲ.

ಹಕ್ಕಿಯ ಗರಿಯಲ್ಲಿ ಕಪ್ಪು, ಬೂದು, ಕಂದು ಬರುವುದು ಮೆಲನಿನ್‌ನಿಂದ. ನಮ್ಮ ಕೂದಲಿನಲ್ಲಿ ಇರುವುದೂ ಅದೇ. ಆಲ್ಬಿನೊ ಅಂದರೆ ಮೆಲನಿನ್ ಒಂದು ಚೂರೂ ತಯಾರಾಗದ ಹಕ್ಕಿ. ಗರಿಯಲ್ಲಿ ಇಲ್ಲ, ಚರ್ಮದಲ್ಲಿ ಇಲ್ಲ, ಕಣ್ಣಿನಲ್ಲೂ ಇಲ್ಲ. ಕಣ್ಣಿನೊಳಗಿನ ರಕ್ತದ ಬಣ್ಣವೇ ಹೊರಗೆ ಕಂಡು ಕಣ್ಣು ಕೆಂಪಾಗಿ ಅಥವಾ ನಸುಗೆಂಪಾಗಿ ಇರುತ್ತದೆ. ಕಾಲು, ಕೊಕ್ಕು ಕೂಡ ಪೇಲವ.

ಹಾಗಾಗಿ "ಅರ್ಧ ಆಲ್ಬಿನೊ" ಅನ್ನುವುದು ಇಲ್ಲವೇ ಇಲ್ಲ. ಒಂದೇ ಒಂದು ಕಪ್ಪು ಗರಿ ಇದ್ದರೂ ಆ ಹಕ್ಕಿಯ ಮೈ ಮೆಲನಿನ್ ಮಾಡಬಲ್ಲದು ಅಂತ ಅರ್ಥ, ಅಲ್ವಾ? ಬ್ರಿಟನ್ನಿನ ಟ್ರಿಂಗ್‌ನಲ್ಲಿರುವ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನಲ್ಲಿ ಹಕ್ಕಿಗಳ ಸಂಗ್ರಹ ನೋಡಿಕೊಳ್ಳುವ ಹೈನ್ ವಾನ್ ಗ್ರೌ ಅನ್ನುವವರು ಇದನ್ನೇ ಎಷ್ಟೋ ವರ್ಷಗಳಿಂದ ಹೇಳುತ್ತಾ ಬಂದಿದ್ದಾರೆ. ಅವರ ಬರಹ ಓದಿದ ಮೇಲೆಯೇ ನಾನು ಅಳತೆ ಪುಸ್ತಕದಲ್ಲಿ ಬರೆದಿದ್ದ "ಆಲ್ಬಿನೊ" ಅನ್ನುವುದನ್ನು ಹೊಡೆದು ಹಾಕಿದ್ದು.

ನಿಜವಾದ ಆಲ್ಬಿನೊ ಹಕ್ಕಿಗೆ ಬಿಸಿಲು ತಡೆಯುವುದಿಲ್ಲ, ದೂರ ಹತ್ತಿರ ಸರಿಯಾಗಿ ತಿಳಿಯುವುದಿಲ್ಲ. ಗೂಡು ಬಿಟ್ಟ ಮೇಲೆ ಹೆಚ್ಚು ದಿನ ಬದುಕುವುದು ಕಷ್ಟ. ನಮ್ಮ ಹಿತ್ತಲಿಗೆ ತಿಂಗಳುಗಟ್ಟಲೆ ಬಂದು ಹಣ್ಣು ತಿನ್ನುವ, ಕಪ್ಪು ಕಣ್ಣಿನ ಬಿಳಿ ಹಕ್ಕಿ ಆಲ್ಬಿನೊ ಅಲ್ಲ. ಮೃಗಾಲಯಗಳಲ್ಲಿ ಕಾಣುವ ಬಿಳಿ ನವಿಲು ಕೂಡ ಅಲ್ಲ. ಈ ಸಲ ಹೋದಾಗ ಅದರ ಕಣ್ಣು ನೋಡಿ ಬನ್ನಿ.

ಫೋಟೊ ನೋಡಿ ಕಣ್ಣಿನ ಬಣ್ಣ ತೀರ್ಮಾನಿಸುವಾಗ ಹುಷಾರು. ಫ್ಲಾಶ್ ಹಾಕಿದರೆ ಸರಿಯಾದ ಕಣ್ಣೂ ಕೆಂಪಾಗಿ ಬರುತ್ತದೆ. ಹಕ್ಕಿಗೂ ಫ್ಲಾಶ್ ಒಳ್ಳೆಯದಲ್ಲ. ಹಕ್ಕಿಯ ಹಿಂದಿನಿಂದ ಬೆಳಕು ಬರುವಾಗ ತೆಗೆದರೆ ಕಂದು ಗರಿಯೂ ಬಿಳಿಯಾಗಿ ಹೊಳೆಯುತ್ತದೆ. ಬೆಳಿಗ್ಗೆ ಮರದ ನೆರಳಿನಲ್ಲಿ ತೆಗೆದ ಫೋಟೊ ಎಲ್ಲಕ್ಕಿಂತ ಒಳ್ಳೆಯದು. ಫೋನಿನಲ್ಲಿ ಹಕ್ಕಿಯ ಮೇಲೆ ಬೆರಳು ಒತ್ತಿ, ಬೆಳಕನ್ನು ಸ್ವಲ್ಪ ಕೆಳಗೆ ಎಳೆಯಿರಿ. ಇಲ್ಲದಿದ್ದರೆ ಬಿಳಿ ಭಾಗವೆಲ್ಲ ಒಂದೇ ಮುದ್ದೆಯಾಗಿ, ಗರಿ ಗರಿ ಬೇರೆ ಕಾಣುವುದಿಲ್ಲ.

ನಾನು ಮಾಡಿಕೊಂಡ ಇನ್ನೊಂದು ಉಪಾಯ ಇದೆ. ಬಿಳಿ ಲೈನಿಂಗ್ ಬಟ್ಟೆಯ ಒಂದು ತುಂಡನ್ನು ಕರಟದ ಪಕ್ಕದ ಕೋಲಿಗೆ ಬಿಗಿಯಾಗಿ ಸುತ್ತಿ ಹೊಲಿದುಬಿಟ್ಟಿದ್ದೇನೆ. ಗಾಳಿಗೆ ಹಾರಾಡಬಾರದು, ಹಕ್ಕಿ ಬೆದರುತ್ತದೆ. ಫೋಟೊದಲ್ಲಿ ಆ ಬಟ್ಟೆಯೂ ಬರುತ್ತದಲ್ಲ, ಅದರ ಪಕ್ಕ ಇಟ್ಟು ನೋಡಿದರೆ ಗರಿ ಬಿಳಿಯೋ, ಕೆನೆ ಬಣ್ಣವೋ, ತಿಳಿ ಕಂದೋ ಅಂತ ತಿಳಿಯುತ್ತದೆ. ಗಿರಾಕಿಗಳಿಗೆ ಮ್ಯಾಚಿಂಗ್ ಬಟ್ಟೆ ಹುಡುಕುವಾಗ ಬೀದಿ ಬೆಳಕಿಗೆ ತಂದು ಪಕ್ಕ ಪಕ್ಕ ಹಿಡಿಯುತ್ತೇವಲ್ಲ, ಹಾಗೇ ಇದು.

ಎಡ, ಬಲ ಎರಡನ್ನೂ ಬರೆದುಕೊಳ್ಳಿ

ಕಣ್ಣು ಕಪ್ಪಗಿದೆ, ಮೈಮೇಲೆ ಬಿಳಿ ಗರಿ ಇದೆ ಅಂದರೆ ಮುಖ್ಯವಾಗಿ ಎರಡು ಕಾರಣ ಇರಬಹುದು. ಒಂದು, ಲ್ಯೂಸಿಸಂ. ಇನ್ನೊಂದು, ಅತ್ತೆ ಹೇಳಿದ ನರೆ. ಎರಡನ್ನೂ ಬೇರೆ ಮಾಡಲು ಒಂದು ಫೋಟೊ ಸಾಲದು.

ನಾನು ಅರ್ಥ ಮಾಡಿಕೊಂಡ ಹಾಗೆ ಹೇಳುತ್ತೇನೆ. ಮರಿ ಮೊಟ್ಟೆಯೊಳಗೆ ಬೆಳೆಯುವಾಗ, ಬಣ್ಣ ತಯಾರಿಸುವ ಜೀವಕೋಶಗಳು ಬೆನ್ನುಹುರಿಯ ಕಡೆಯಿಂದ ಹೊರಟು ಚರ್ಮದ ಎಲ್ಲ ಕಡೆಗೂ ಹೋಗಿ ಸೇರಬೇಕು. ಅವುಗಳನ್ನು ಬಣ್ಣ ಹಾಕುವ ಕೆಲಸಗಾರರು ಅಂದುಕೊಳ್ಳಿ. ಲ್ಯೂಸಿಸಂನಲ್ಲಿ ಕೆಲವು ಕಡೆಗೆ ಕೆಲಸಗಾರರು ತಲುಪಲೇ ಇಲ್ಲ. ತಲುಪದ ಜಾಗ ಹುಟ್ಟಿನಿಂದ ಸಾಯುವವರೆಗೂ ಬಿಳಿ. ಬೆನ್ನಿನಿಂದ ದೂರ ಇರುವ ಮುಖ, ಹೊಟ್ಟೆ, ರೆಕ್ಕೆಯ ತುದಿಗಳಲ್ಲಿ ಹೀಗಾಗುವುದು ಜಾಸ್ತಿ. ಎಡಗಡೆ ಬಲಗಡೆ ಹೆಚ್ಚು ಕಡಿಮೆ ಒಂದೇ ತರ ಇರುತ್ತದೆ. ಕಣ್ಣಿಗೆ ಬಣ್ಣ ಹಾಕುವವರು ಕಣ್ಣಿನಲ್ಲೇ ಹುಟ್ಟಿದವರು, ಎಲ್ಲಿಗೂ ಪ್ರಯಾಣ ಮಾಡಬೇಕಾಗಿಲ್ಲ. ಅದಕ್ಕೇ ಮೈಯೆಲ್ಲ ಬಿಳಿಯಾದ ಲ್ಯೂಸಿಸಂ ಹಕ್ಕಿಗೂ ಕಣ್ಣು ಕಪ್ಪಗೇ ಇರುತ್ತದೆ. ಆಲ್ಬಿನೊದಲ್ಲಿ ಕೆಲಸಗಾರರು ಎಲ್ಲ ಕಡೆ ಇದ್ದಾರೆ, ಆದರೆ ಅವರ ಕೈಯಲ್ಲಿ ಬಣ್ಣ ಮಾಡುವ ಸಾಮಾನು ಇಲ್ಲ.

ನರೆಯಲ್ಲಿ ಎಲ್ಲರೂ ಬಂದು ಸೇರಿದ್ದರು. ಹಕ್ಕಿ ಚಿಕ್ಕದಾಗಿದ್ದಾಗ ಬಣ್ಣ ಸರಿಯಾಗೇ ಇತ್ತು. ಆಮೇಲೆ ಒಬ್ಬೊಬ್ಬರಾಗಿ ಕೆಲಸ ಬಿಟ್ಟರು. ಅಲ್ಲೊಂದು ಇಲ್ಲೊಂದು ಬಿಳಿ ಗರಿ ಶುರುವಾಗಿ, ಗರಿ ಬದಲಾದ ಪ್ರತಿ ಸಲವೂ ಹೆಚ್ಚುತ್ತಾ ಹೋಗುತ್ತದೆ. ಎಡ ಬಲ ಹೊಂದುವುದಿಲ್ಲ. ವಯಸ್ಸು ಕಾರಣ ಇರಬಹುದು, ಕಾಯಿಲೆ ಇರಬಹುದು, ಹುಟ್ಟಿನಿಂದ ಬಂದ ಗುಣವೂ ಇರಬಹುದು. ವಾನ್ ಗ್ರೌ ಅವರ ಪ್ರಕಾರ ಕಾಡು ಹಕ್ಕಿಗಳಲ್ಲಿ ಕಾಣುವ ಬಿಳಿ ಗರಿಗೆ ಇದೇ ಎಲ್ಲಕ್ಕಿಂತ ಸಾಮಾನ್ಯ ಕಾರಣ. ಜನ ಲ್ಯೂಸಿಸಂ ಅನ್ನುವುದರಲ್ಲಿ ಬಹಳಷ್ಟು ನರೆಯೇ.

ಹೀಗಾಗಿ ಈಗ ಮಾಡಬೇಕಾದ್ದು ಚಿತ್ರ ಬರೆಯುವ ಕೆಲಸ. ಚೆನ್ನಾಗಿ ಬರೆಯಲು ಬರಬೇಕಾಗಿಲ್ಲ. ಬ್ಲೌಸಿನ ಅಳತೆ ಬರೆಯುವ ಪುಸ್ತಕದಲ್ಲೇ ನಾನು ಒಂದು ಪುಟದಲ್ಲಿ ಮೂರು ಹಕ್ಕಿ ಬರೆದುಕೊಂಡೆ: ಎಡಗಡೆಯಿಂದ, ಬಲಗಡೆಯಿಂದ, ಹಿಂದಿನಿಂದ. ಬರೀ ಹೊರಗೆರೆ. ಅದನ್ನು ಹತ್ತು ಜೆರಾಕ್ಸ್ ಮಾಡಿಸಿದೆ. ಹಕ್ಕಿ ಬಂದಾಗ ಬಿಳಿ ಕಂಡ ಜಾಗಕ್ಕೆ ಪೆನ್ಸಿಲ್‌ನಲ್ಲಿ ಗುರುತು, ಪಕ್ಕದಲ್ಲಿ ತಾರೀಕು. ಒಂದು ದಿನಕ್ಕೆ ಎರಡೂ ಮಗ್ಗುಲು ಕಾಣಲು ಸಿಗುವುದಿಲ್ಲ. ನನಗೆ ಬಲಗಡೆ ಸರಿಯಾಗಿ ಸಿಕ್ಕಿದ್ದು ಐದನೇ ದಿನ, ಅದು ತಟ್ಟೆಯಲ್ಲಿ ಸ್ನಾನ ಮಾಡಿ ರೆಕ್ಕೆ ಬಿಡಿಸಿ ಒಣಗಿಸಿಕೊಳ್ಳುವಾಗ. ಸ್ನಾನದ ತಟ್ಟೆ ಇದ್ದರೆ ಇದು ಬಹಳ ಸುಲಭ. ಒದ್ದೆ ಹಕ್ಕಿ ಐದು ನಿಮಿಷ ಒಂದೇ ಕಡೆ ಕೂತು ಒಂದೊಂದೇ ಗರಿ ಸರಿ ಮಾಡಿಕೊಳ್ಳುತ್ತದೆ. ಎರಡು ಇಂಚು ನೀರು ಸಾಕು, ಅದಕ್ಕಿಂತ ಆಳ ಬೇಡ.

ಆಮೇಲೆ ಅದೇ ಹಕ್ಕಿಯನ್ನು ಮತ್ತೆ ಗುರುತಿಸಲು ಬಣ್ಣವನ್ನು ಬಿಟ್ಟು ಬೇರೆ ಒಂದು ಗುರುತು ಹುಡುಕಿಕೊಳ್ಳಿ. ಬಣ್ಣವೇ ಬದಲಾಗುತ್ತಿರುವಾಗ ಅದನ್ನು ನಂಬುವುದು ಹೇಗೆ? ನನ್ನ ಪಿಕಳಾರಕ್ಕೆ ಬಲಗಾಲಿನ ಹೊರಬೆರಳು ಇರಲಿಲ್ಲ. ಕೊಂಬೆ ಹಿಡಿಯುವಾಗ ಆ ಕಾಲು ಸ್ವಲ್ಪ ಒಳಗೆ ತಿರುಗುತ್ತಿತ್ತು. ಮೂರು ವರ್ಷ ನಾನು ಅದರ ಗುರುತು ಹಿಡಿದಿದ್ದು ಆ ಕಾಲಿನಿಂದಲೇ.

ಇನ್ನು ಕಾಯುವುದು. ಗರಿ ಒಮ್ಮೆ ಬೆಳೆದು ನಿಂತರೆ ನಮ್ಮ ಕೂದಲಿನ ಹಾಗೆ, ಅದಕ್ಕೆ ಜೀವ ಇಲ್ಲ. ಬಿಸಿಲಿಗೆ ಮಾಸಬಹುದು, ಸವೆಯಬಹುದು. ಆದರೆ ಕಪ್ಪು ಗರಿ ಇದ್ದಲ್ಲೇ ಬಿಳಿಯಾಗುವುದಿಲ್ಲ. ಹಳೆಯದು ಉದುರಿ ಹೊಸದು ಬಂದಾಗಲೇ ಬದಲಾವಣೆ. ಹಕ್ಕಿಗಳು ಸಾಮಾನ್ಯವಾಗಿ ಮರಿ ಮಾಡಿ ಮುಗಿಸಿದ ಮೇಲೆ ಗರಿ ಬದಲಾಯಿಸುತ್ತವೆ. ಆ ಕಾಲದ ಮೊದಲು ಒಂದು ಚಿತ್ರ, ಮುಗಿದ ಮೇಲೆ ಒಂದು ಚಿತ್ರ. ವರ್ಷಕ್ಕೆ ಎರಡು ಸಾಕು.

ನನ್ನ ಪುಟಗಳು ಹೀಗಿವೆ. 2021ರ ನವೆಂಬರ್: ಜುಟ್ಟಿನಲ್ಲಿ ನಾಲ್ಕು ಬಿಳಿ ಗರಿ. 2022ರ ಅಕ್ಟೋಬರ್: ಜುಟ್ಟಿನ ಅರ್ಧ ಬಿಳಿ, ಕತ್ತಿನ ಹಿಂದೆ ಒಂದು ಮಚ್ಚೆ, ಎಡ ರೆಕ್ಕೆಯಲ್ಲಿ ಎರಡು ಗರಿ ಬಿಳಿ, ಬಲ ರೆಕ್ಕೆಯಲ್ಲಿ ಏನೂ ಇಲ್ಲ. 2023ರ ಅಕ್ಟೋಬರ್: ಜುಟ್ಟು ಪೂರ್ತಿ ಬಿಳಿ, ಬೆನ್ನಿನ ಮೇಲೆ ಅಲ್ಲಲ್ಲಿ, ಬಾಲದಲ್ಲಿ ಒಂದೇ ಒಂದು ಗರಿ. ಮೂರು ಹಾಳೆಯನ್ನು ಕಟಿಂಗ್ ಟೇಬಲ್ ಮೇಲೆ ಸಾಲಾಗಿ ಇಟ್ಟಾಗ ಯಾರನ್ನೂ ಕೇಳಬೇಕಾಗಲಿಲ್ಲ. ಅತ್ತೆಯನ್ನು ಕರೆದು ತೋರಿಸಿದೆ. "ನಾನು ಅವತ್ತೇ ಹೇಳಿರಲಿಲ್ವಾ?" ಅಂದರು.

ಯಾವ ಬಣ್ಣ ಹೋಗಿದೆ, ಯಾವುದು ಉಳಿದಿದೆ

ಆ ಹಕ್ಕಿಯ ತಲೆ ಬಿಳಿಯಾದರೂ ಕೆನ್ನೆಯ ಕೆಂಪು ಹಾಗೇ ಇತ್ತು. ಬಿಳಿಯ ಪಕ್ಕ ಆ ಕೆಂಪು ಮೊದಲಿಗಿಂತ ಎದ್ದು ಕಾಣುತ್ತಿತ್ತು. ಲ್ಯೂಸಿಸಂ ಆಗಲಿ, ನರೆ ಆಗಲಿ, ಆಲ್ಬಿನೊ ಆಗಲಿ, ಹೋಗುವುದು ಮೆಲನಿನ್ ಮಾತ್ರ. ಪಿಕಳಾರದ ಕೆಂಪು ಮೆಲನಿನ್ ಅಲ್ಲ. ಹಾಗಾಗಿ ಪೂರ್ತಿ ಬಿಳಿಯಾದ ಪಿಕಳಾರಕ್ಕೂ ಬಾಲದ ಬುಡ ಕೆಂಪಾಗೇ ಉಳಿಯುತ್ತದೆ. ಇದು ಜಾತಿ ಗುರುತಿಸಲು ಒಳ್ಳೆಯ ದಾರಿ. ಬಿಳಿ ಹಕ್ಕಿ ಯಾವುದು ಅಂತ ತಿಳಿಯದಿದ್ದರೆ, ಉಳಿದಿರುವ ಕೆಂಪು ಹಳದಿ ಎಲ್ಲಿದೆ ನೋಡಿ. ಕೊಕ್ಕಿನ ಆಕಾರ ನೋಡಿ. ಯಾರ ಜೊತೆ ಓಡಾಡುತ್ತದೆ, ಹೇಗೆ ಕೂಗುತ್ತದೆ ಗಮನಿಸಿ.

ಗಿಳಿಯ ಕಥೆ ಬೇರೆ. ಅದನ್ನು ತಿಳಿಯಲು ನನಗೆ ಲೈನಿಂಗ್ ಬಟ್ಟೆಯೇ ಸಹಾಯಕ್ಕೆ ಬಂತು. ತೆಳು ಜಾರ್ಜೆಟ್‌ಗೆ ಬಿಳಿ ಲೈನಿಂಗ್ ಕೊಟ್ಟರೆ ಒಂದು ಬಣ್ಣ, ಕಪ್ಪು ಲೈನಿಂಗ್ ಕೊಟ್ಟರೆ ಇನ್ನೊಂದು ಬಣ್ಣ ಅಲ್ವಾ? ಗಿಳಿಯ ಗರಿಯಲ್ಲಿ ಹಸಿರು ಬಣ್ಣದ ಪುಡಿ ಇಲ್ಲ. ಮೇಲೆ ಹಳದಿ ಇದೆ. ಅದರ ಕೆಳಗೆ ನೀಲಿ ಬೆಳಕನ್ನು ಮಾತ್ರ ಹಿಂದಕ್ಕೆ ಕಳಿಸುವ ಸ್ಪಂಜಿನಂಥ ಪದರ ಇದೆ. ಎಲ್ಲಕ್ಕಿಂತ ಕೆಳಗೆ ಮೆಲನಿನ್ನಿನ ಕಪ್ಪು ಲೈನಿಂಗ್, ಉಳಿದ ಬೆಳಕನ್ನು ಅದು ಹೀರಿಕೊಳ್ಳುತ್ತದೆ. ಹಳದಿಯೂ ನೀಲಿಯೂ ಸೇರಿ ನಮಗೆ ಹಸಿರು ಕಾಣುತ್ತದೆ. ಲೈನಿಂಗ್ ತೆಗೆದರೆ ನೀಲಿ ಕಾಣುವುದಿಲ್ಲ, ಹಳದಿ ಗಿಳಿ ಉಳಿಯುತ್ತದೆ. ಅದರ ಕಣ್ಣು ಕೆಂಪು. ಹಳದಿ ತೆಗೆದರೆ ನೀಲಿ ಗಿಳಿ. ಹಳದಿ, ನೀಲಿ ಗಿಳಿ ಹಿತ್ತಲಿಗೆ ಬಂದರೆ ಮೊದಲು ಕಾಲಿನಲ್ಲಿ ಉಂಗುರ ಇದೆಯಾ, ಜನರನ್ನು ಕಂಡರೆ ಹೆದರುತ್ತದಾ ಅಂತ ನೋಡಿ. ಇಂಥವನ್ನು ಪಂಜರದಲ್ಲಿ ಬೇಕೆಂದೇ ಬೆಳೆಸುತ್ತಾರೆ, ತಪ್ಪಿಸಿಕೊಂಡು ಬಂದಿರಬಹುದು.

ಮೈಯೆಲ್ಲ ಒಂದೇ ಸಮ ಕಂದಾಗಿರುವ ಕಾಗೆ ಕೂಡ ಇದೆ. ನಾನು ಒಂದೇ ಸಲ ಕಂಡಿದ್ದೇನೆ, ತಾಳಗುಪ್ಪದ ಹತ್ತಿರ, ಹಾಲು ಹಾಕಿದ ಕಾಫಿಯ ಬಣ್ಣ. ಇಲ್ಲಿ ಮೆಲನಿನ್ ಇದೆ, ಆದರೆ ಪೂರ್ತಿ ಕಪ್ಪಾಗುವ ಮೊದಲೇ ನಿಂತುಹೋಗಿದೆ. ಇಂಥ ಗರಿ ಬಿಸಿಲಿಗೆ ಬೇಗ ಮಾಸುತ್ತದೆ. ಬಣ್ಣ ಬಿಡುವ ಬಟ್ಟೆಯನ್ನು ಬಿಸಿಲಿಗೆ ಒಣ ಹಾಕಿದ ಹಾಗೆ. ಹಳೆಯ ಗರಿ ಕೆನೆ ಬಣ್ಣಕ್ಕೆ ಬಂದಿರುತ್ತದೆ, ಒಳಗೆ ಮುಚ್ಚಿಕೊಂಡ ಗರಿ ಮಾತ್ರ ಕಂದು ಉಳಿದಿರುತ್ತದೆ. ರೆಕ್ಕೆ ಬಿಡಿಸಿದಾಗ ನೋಡಿದರೆ ಗೊತ್ತಾಗುತ್ತದೆ. ಇದು ತಂದೆ ತಾಯಿಯಿಂದ ಬರುವ ಗುಣ. ಹೀಗೆ ಕಂದಾಗಿ ಕಾಣುವ ಕಾಡು ಹಕ್ಕಿ ಹೆಚ್ಚು ಕಡಿಮೆ ಯಾವಾಗಲೂ ಹೆಣ್ಣೇ. ಯಾಕೆಂದರೆ ಹೆಣ್ಣಿಗೆ ಈ ಗುಣ ತಂದೆಯ ಕಡೆಯಿಂದ ಬಂದರೆ ಸಾಕು, ಗಂಡಿಗೆ ಇಬ್ಬರಿಂದಲೂ ಬರಬೇಕು.

ಕಾಗೆಯಲ್ಲೇ ಇನ್ನೊಂದು ತರ ಇದೆ. ರೆಕ್ಕೆ ಬಿಡಿಸಿದಾಗ ಹಾರುವ ಗರಿಗಳ ಅಡ್ಡಕ್ಕೆ ಪೇಲವ ಪಟ್ಟಿ ಕಾಣುತ್ತದೆ. ಮರಿಯಾಗಿದ್ದಾಗ ಸರಿಯಾದ ಆಹಾರ ಸಿಗದೆ ಬೆಳೆದರೆ ಹೀಗಾಗುತ್ತದೆ. ಹೊಟ್ಟೆ ತುಂಬಿರಬಹುದು, ಆದರೆ ಪ್ರೋಟೀನ್ ಸಾಲದು. ಮುಂದೆ ಒಳ್ಳೆಯ ತಿಂಡಿ ಸಿಕ್ಕರೆ ಮುಂದಿನ ಗರಿ ಕಪ್ಪಾಗಿಯೇ ಬರುತ್ತದೆ. ಅದಕ್ಕೇ ನಾನು ಹಕ್ಕಿಗಳಿಗೆ ಬ್ರೆಡ್ಡು, ಬಿಸ್ಕತ್ತು, ಉಪ್ಪು ಹಾಕಿದ ಅನ್ನ ಹಾಕುವುದನ್ನು ನಿಲ್ಲಿಸಿದ್ದೇನೆ. ಬಾಳೆ, ಪಪ್ಪಾಯಿ, ಭತ್ತ, ನವಣೆ ಸಾಕು. ಮರಿಗಳಿಗೆ ಬೇಕಾದ ಹುಳವನ್ನು ಅವೇ ಹುಡುಕಿಕೊಳ್ಳುತ್ತವೆ. ಅದಕ್ಕೆ ನಾವು ಮಾಡಬೇಕಾದ್ದು ಹಿತ್ತಲಿಗೆ ಔಷಧಿ ಹೊಡೆಯದೆ ಇರುವುದು.

ಬೋಳು ತಲೆ ಮಾತ್ರ ಬಣ್ಣದ ವಿಷಯ ಅಲ್ಲ. ತಲೆಯ ಗರಿಯೆಲ್ಲ ಹೋಗಿ ಹಳದಿ ಚರ್ಮ ಕಾಣುವ ಗೊರವಂಕವನ್ನು ಆಗಾಗ ನೋಡುತ್ತೇವೆ. ಗರಿ ಉದುರುವ ಕಾಲವೋ ಉಣ್ಣಿಯಂಥ ಹುಳದ ಕಾಟವೋ ಇರುತ್ತದೆ. ಇಂಥವು ಜಾಸ್ತಿ ಬಂದರೆ ತಟ್ಟೆ ತೊಳೆಯುವುದನ್ನು ಹೆಚ್ಚಿಸಿ. ನಾನು ವಾರಕ್ಕೊಮ್ಮೆ ಬಿಸಿ ನೀರಿನಲ್ಲಿ ಉಜ್ಜಿ ಬಿಸಿಲಿಗೆ ಇಡುತ್ತೇನೆ. ನಮ್ಮ ಮಳೆಗಾಲದಲ್ಲಿ ಬಿಸಿಲೇ ಇಲ್ಲ, ಕಾಳು ಎರಡೇ ದಿನಕ್ಕೆ ಬೂಸ್ಟು ಹಿಡಿಯುತ್ತದೆ. ಆಗ ಕರಟವನ್ನು ಒಲೆಯ ಹತ್ತಿರ ಒಣಗಿಸಿ, ಕಾಳು ಇಡುವುದನ್ನೇ ಕಡಿಮೆ ಮಾಡುತ್ತೇನೆ.

ಇಂಥ ಹಕ್ಕಿ ಬಂದಾಗ ಮಾಡಬೇಕಾದ್ದು, ಮಾಡಬಾರದ್ದು

ಮೆಲನಿನ್ ಬರೀ ಬಣ್ಣ ಕೊಡುವುದಿಲ್ಲ, ಗರಿಗೆ ಗಟ್ಟಿತನವನ್ನೂ ಕೊಡುತ್ತದೆ. ರಂಗನತಿಟ್ಟಿಗೆ ಹೋದಾಗ ಬಾಯ್ಕಳಕ ಕೊಕ್ಕರೆ ಹಾರುವುದನ್ನು ನೋಡಿ. ಮೈ ಬಿಳಿ, ಆದರೆ ಹೆಚ್ಚು ಸವೆಯುವ ಹಾರುವ ಗರಿಗಳು ಕಪ್ಪು. ಬಿಳಿ ಗರಿಯ ಪಿಕಳಾರಕ್ಕೆ ರೆಕ್ಕೆ ಬೇಗ ಹರಿಯುತ್ತದೆ. ಹಸಿರಿನ ನಡುವೆ ದೂರದಿಂದ ಶಿಕ್ರ ಅನ್ನುವ ಬೇಟೆ ಹಕ್ಕಿಯ ಕಣ್ಣಿಗೂ ಬೀಳುತ್ತದೆ. ನನ್ನ ಹಕ್ಕಿಗಾಗಿ ನಾನು ಮಾಡಿದ್ದು ಇಷ್ಟೇ: ಬಯಲಿನ ಕಡೆಯ ಕೊಂಬೆಯಲ್ಲಿದ್ದ ಕರಟವನ್ನು ದಾಸವಾಳದ ಬೇಲಿಗೆ ನಾಲ್ಕು ಅಡಿ ದೂರ ಉಳಿಯುವಷ್ಟು ಹತ್ತಿರಕ್ಕೆ ಸರಿಸಿದೆ. ಅಪಾಯ ಬಂದರೆ ಒಂದೇ ಹಾರಿಗೆ ಬೇಲಿಯೊಳಗೆ ಸೇರಬೇಕು. ಬೇಲಿಗೆ ತೀರಾ ಅಂಟಿಕೊಂಡಿದ್ದರೂ ಕಷ್ಟ, ಬೆಕ್ಕು ಅಲ್ಲೇ ಹೊಂಚು ಹಾಕುತ್ತದೆ.

ಹಿಡಿದು ಸಾಕಬೇಡಿ. ಪಾಪ, ಬೇರೆ ಹಕ್ಕಿಗಳು ಕುಕ್ಕುತ್ತವೆ, ಕಾಪಾಡೋಣ ಅಂತ ಕೆಲವರು ಹೊರಡುತ್ತಾರೆ. ನನ್ನ ಪಿಕಳಾರಕ್ಕೆ ಜೋಡಿ ಇತ್ತು. 2023ರಲ್ಲಿ ಅದೇ ಬೇಲಿಯಲ್ಲಿ ಗೂಡು ಕಟ್ಟಿ ಎರಡು ಮರಿ ಹಾರಿಸಿತು. ಎರಡೂ ಕಂದು ಜುಟ್ಟಿನ ಮಾಮೂಲಿ ಮರಿಗಳು. ನಮ್ಮ ದೇಶದ ಕಾಡು ಹಕ್ಕಿಗಳನ್ನು ಹಿಡಿಯುವುದು, ಮಾರುವುದು, ಗಿಳಿಯನ್ನು ಪಂಜರದಲ್ಲಿಡುವುದು ಎಲ್ಲವೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ ಕೂಡ.

ಜಾಗದ ವಿವರ ಹೊರಗೆ ಹೇಳಬೇಡಿ. 2022ರಲ್ಲಿ ನಾನು ಫೋಟೊವನ್ನು ನಾಲ್ಕು ಜನರಿಗೆ ಕಳಿಸಿದೆ. ವಾರದೊಳಗೆ ಗುರುತಿಲ್ಲದ ಇಬ್ಬರು ಬೈಕಿನಲ್ಲಿ ಬಂದು, "ಅಮ್ಮಾ, ಬಿಳಿ ಪಿಕಳಾರ ನಿಮ್ಮಲ್ಲೇನಾ ಇರೋದು? ಅದೃಷ್ಟದ ಹಕ್ಕಿ ಅಂತೆ, ಎಷ್ಟು ಕೊಡಬೇಕು?" ಅಂತ ಕೇಳಿದರು. ಕೈ ನಡುಗಿತು. "ಅದು ಹೋಗಿ ಬಹಳ ದಿನ ಆಯ್ತು" ಅಂತ ಹೇಳಿ ಕಳಿಸಿದೆ. ಅವತ್ತೇ ಅದು ಕಿಟಕಿಯ ಆಚೆ ಹಣ್ಣು ತಿನ್ನುತ್ತಿತ್ತು. ಅಂದಿನಿಂದ ಊರಿನ ಹೆಸರು ಮಾತ್ರ ಹೇಳುತ್ತೇನೆ, ಬೀದಿ ಹೇಳುವುದಿಲ್ಲ. ಗೂಡಿನ ಫೋಟೊ ತೆಗೆಯುವುದೇ ಇಲ್ಲ.

ಆದರೆ ದಾಖಲೆ ಬೇಕು. ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಜಾಲತಾಣದಲ್ಲಿ ಪಟ್ಟಿ ಹಾಕುವವರಾದರೆ ಅದನ್ನು ಮಾಮೂಲಿ ಪಿಕಳಾರ ಅಂತಲೇ ಸೇರಿಸಿ, ಟಿಪ್ಪಣಿಯಲ್ಲಿ ಬಣ್ಣದ ವಿವರ ಬರೆಯಿರಿ. ಫೆಬ್ರವರಿಯಲ್ಲಿ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ನಲ್ಲಿ ಹದಿನೈದು ನಿಮಿಷ ಹಿತ್ತಲಿನಲ್ಲಿ ಕೂತು ಎಣಿಸಿದರೂ ಸಾಕು. 1998ರಲ್ಲಿ ಅಮೆರಿಕದಲ್ಲಿ ಶುರುವಾದ ಅದಕ್ಕೆ ಭಾರತದವರು 2013ರಿಂದ ಸೇರಿಕೊಂಡಿದ್ದಾರೆ. ಟಿಪ್ಪಣಿಯಲ್ಲಿ "ಆಲ್ಬಿನೊ" ಅಂತಲೋ "ಲ್ಯೂಸಿಸಂ" ಅಂತಲೋ ಹೆಸರು ಕೊಡುವ ಆತುರ ಬೇಡ. ಕಣ್ಣು ಯಾವ ಬಣ್ಣ, ಕಾಲು ಕೊಕ್ಕು ಯಾವ ಬಣ್ಣ, ಬಿಳಿ ಎಲ್ಲೆಲ್ಲಿ, ಎಡ ಬಲ ಹೊಂದುತ್ತದಾ, ಹೋದ ವರ್ಷ ಹೇಗಿತ್ತು. ಇಷ್ಟು ಬರೆದರೆ ಓದುವ ತಜ್ಞರು ಹೆಸರು ತಾವೇ ಹಾಕಿಕೊಳ್ಳುತ್ತಾರೆ. ಬರೀ ಹೆಸರು ಬರೆದರೆ ಅದು ಸರಿಯೋ ತಪ್ಪೋ ಯಾರಿಗೂ ಪರೀಕ್ಷಿಸಲು ಆಗುವುದಿಲ್ಲ.

ಬೆರಳಿಲ್ಲದ ಕಾಲಿನ ಪಿಕಳಾರವನ್ನು ನಾನು ಕೊನೆಯ ಸಲ ನೋಡಿದ್ದು 2024ರ ಡಿಸೆಂಬರ್‌ನಲ್ಲಿ. ಆಗ ಎದೆಯ ಮೇಲಿನ ಕಪ್ಪು ಪಟ್ಟಿ ಕೂಡ ಹರಿದು ಎರಡು ತುಂಡಾಗಿತ್ತು. ಕೆನ್ನೆಯ ಕೆಂಪು ಮಾತ್ರ ಮೊದಲ ದಿನದಷ್ಟೇ ಕೆಂಪು. ಆ ಹಾಳೆಯನ್ನು ಅತ್ತೆಯೇ ತಮ್ಮ ಕೈಯಾರೆ ಗುರುತು ಮಾಡಿ, ತಾರೀಕು ಹಾಕಿದರು.

ಈಗ ಅಳತೆ ಪುಸ್ತಕದಲ್ಲಿ ಹೊಸ ಪುಟ ಶುರುವಾಗಿದೆ. ಗೊರವಂಕ. ಎಡಗಡೆ ಕಣ್ಣಿನ ಮೇಲೆ ಹೆಸರುಕಾಳಿನಷ್ಟು ಬಿಳಿ. ಬಲಗಡೆ ಇನ್ನೂ ನೋಡಲು ಸಿಕ್ಕಿಲ್ಲ.